ಕಮಿಷನ್ ಮೇಲೆ ದುಡಿಯುವವರಿಗೆ ಓವರ್‌ಟೈಮ್ ಉಂಟೇ? ತುಮಕೂರಿನ ಸೇಲ್ಸ್ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಿರಲಿ, ಬಿ.ಎಚ್. ರಸ್ತೆಯ ಮೊಬೈಲ್ ಮಳಿಗೆ ಮತ್ತು ವಾಹನ ಷೋರೂಂಗಳಿರಲಿ, ತಿಪಟೂರು, ಶಿರಾ, ಮಧುಗಿರಿಯ ಪೇಟೆ ಬೀದಿಗಳಿರಲಿ, ಕೌಂಟರ್ ಹಿಂದೆ ನಿಂತವರ ಸಂಬಳ ಬಹುತೇಕ ಎರಡು ತುಂಡಾಗಿ ಬರುತ್ತದೆ. ಒಂದು ನಿಗದಿತ ಮೊತ್ತ, ಇನ್ನೊಂದು ಮಾರಾಟದ ಮೇಲಿನ ಕಮಿಷನ್. ಆ ಎರಡನೆಯ ತುಂಡನ್ನು ತೋರಿಸಿಯೇ ಒ.ಟಿ. ಇಲ್ಲವೆನ್ನುವ ರೂಢಿ ನಮ್ಮ ಜಿಲ್ಲೆಯಲ್ಲಿ ಬಲವಾಗಿ ಬೇರೂರಿದೆ. ಅಂಗಡಿ ನೌಕರರ ವೇತನದ ತಕರಾರುಗಳಲ್ಲಿ ಓಡಾಡುವ ನನಗೆ ಈ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

"ಕಮಿಷನ್ ತೆಗೆದುಕೊಳ್ಳುವವರಿಗೆ ಒ.ಟಿ. ಬರುವುದಿಲ್ಲ" ಎನ್ನುತ್ತಾರೆ ಮಾಲೀಕರು. ಕಾನೂನಿನಲ್ಲಿ ಹಾಗಿದೆಯೇ?

ಇಲ್ಲ. ಅಂಗಡಿ, ಷೋರೂಂ, ಗೋದಾಮು, ಖಾಸಗಿ ಕಚೇರಿಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ನೌಕರ ಎಂದರೆ ಯಾರು ಎಂದು ಹೇಳುವಾಗಲೇ ಅದು ಕಾಯಂ ಸಂಬಳದವರು, ಗುತ್ತಿಗೆಯವರು, ತುಂಡು ಲೆಕ್ಕದವರು, ಕಮಿಷನ್ ಆಧಾರದವರು ಎಲ್ಲರನ್ನೂ ಒಂದೇ ಸಾಲಿನಲ್ಲಿ ಸೇರಿಸಿದೆ. ಕಮಿಷನ್ ಪಡೆಯುವವರನ್ನು ಹೆಸರಿಸಿ ಒಳಗೆ ತಂದ ಕಾಯ್ದೆ, ಅದೇ ಕಾರಣಕ್ಕೆ ಅವರನ್ನು ಹೊರಗೆ ಕಳುಹಿಸುವುದಿಲ್ಲ.

ಕಮಿಷನ್ ಬರುವುದು ನೀವು ಮಾರಿದ ಸರಕಿಗೆ. ಒ.ಟಿ. ಬರುವುದು ಕಾನೂನು ಹಾಕಿದ ಗಡಿ ದಾಟಿ ನೀವು ಅಂಗಡಿಯಲ್ಲಿ ಕಳೆದ ಹೊತ್ತಿಗೆ. ಆ ಹೊತ್ತಿನಲ್ಲಿ ಒಂದು ಸೀರೆಯೂ ಮಾರಾಟವಾಗದಿರಬಹುದು, ಹತ್ತು ಸೀರೆ ಹೋಗಿರಬಹುದು. ಅದರಿಂದ ಒ.ಟಿ. ಲೆಕ್ಕ ಕಡಿಮೆಯೂ ಆಗದು, ಹೆಚ್ಚೂ ಆಗದು. ಕೆಳಗಿನ ಎಲ್ಲ ಉತ್ತರಗಳಿಗೂ ತಳಹದಿ ಇದೇ.

ಎಷ್ಟು ಗಂಟೆ ದಾಟಿದರೆ ಒ.ಟಿ. ಶುರುವಾಗುತ್ತದೆ?

ಅಂಗಡಿ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ. ಇವೆರಡರಲ್ಲಿ ಯಾವುದನ್ನು ದಾಟಿದರೂ ಹೆಚ್ಚುವರಿ ಹೊತ್ತಿಗೆ ಸಾಮಾನ್ಯ ವೇತನದ ಎರಡು ಪಟ್ಟು ಕೊಡಬೇಕು. ಒಂದೂವರೆ ಪಟ್ಟಲ್ಲ, ಎರಡು ಪಟ್ಟು. ಸತತ ಐದು ಗಂಟೆ ಕೆಲಸ ಮಾಡಿದ ಮೇಲೆ ಕನಿಷ್ಠ ಒಂದು ಗಂಟೆಯ ವಿರಾಮ ಕೊಡಲೇಬೇಕು. ವಿರಾಮವೂ ಸೇರಿ ದಿನದ ಒಟ್ಟು ಹರವು 12 ಗಂಟೆ ಮೀರಬಾರದು.

ಇದಕ್ಕೆ ಮೇಲ್ಮಿತಿಯೂ ಉಂಟು. ಒ.ಟಿ. ಸೇರಿ ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸ್ಟಾಕ್ ಎಣಿಕೆ ಮತ್ತು ಲೆಕ್ಕಪತ್ರ ಸಿದ್ಧಪಡಿಸುವ ದಿನಗಳಿಗೆ ಮಾತ್ರ ಇದರಲ್ಲಿ ಸಡಿಲಿಕೆ. ಸತತ ಮೂರು ತಿಂಗಳಲ್ಲಿ ಒಟ್ಟು ಒ.ಟಿ. 50 ಗಂಟೆ ದಾಟುವಂತಿಲ್ಲ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳನ್ನೂ ಇದರ ಜೊತೆ ಓದಿಕೊಳ್ಳಬೇಕು. ಅವು ರದ್ದು ಮಾಡಿದ್ದು ಕೇಂದ್ರದ ಹಳೆಯ ಕಾಯ್ದೆಗಳನ್ನು. ರಾಜ್ಯದ ಅಂಗಡಿ ಕಾಯ್ದೆ ಹಾಗೆಯೇ ಉಳಿದಿದೆ. 2019ರ ವೇತನ ಸಂಹಿತೆಯ 14ನೇ ಕಲಂ ಕೂಡ ಒ.ಟಿ. ದರ ಸಾಮಾನ್ಯ ದರದ ಎರಡು ಪಟ್ಟಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ದಿನಕ್ಕೆ 8 ಗಂಟೆಯ ಮಿತಿ ಹಾಕಿದೆ. ಅದರ ಮೇಲೆ ದುಡಿಸಬೇಕಾದರೆ ಕಾರ್ಮಿಕರ ಒಪ್ಪಿಗೆ ಬೇಕು ಎಂದೂ ಅದು ಹೇಳುತ್ತದೆ.

ನಮ್ಮ ಅಂಗಡಿ ಬೆಳಿಗ್ಗೆ 10ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚುತ್ತದೆ. ವಾರದಲ್ಲಿ ಆರು ದಿನ. ಊಟಕ್ಕೆ ಒಂದು ಗಂಟೆ ಬಿಡುವು. ಇದರಲ್ಲಿ ಒ.ಟಿ. ಎಷ್ಟು?

ತುಮಕೂರಿನಲ್ಲಿ ಇದು ತೀರಾ ಸಾಮಾನ್ಯವಾದ ವೇಳೆ. ಯಾರೂ ಇದನ್ನು ಒ.ಟಿ. ಎಂದು ಕರೆಯುವುದೇ ಇಲ್ಲ. ಆದ್ದರಿಂದ ಈ ಲೆಕ್ಕವನ್ನು ನಿಧಾನವಾಗಿ ಮಾಡೋಣ.

ಹತ್ತರಿಂದ ಒಂಬತ್ತು ಎಂದರೆ 11 ಗಂಟೆ. ಊಟದ ಬಿಡುವು ಕಳೆದರೆ 10 ಗಂಟೆ ಕೆಲಸ. ದಿನದ ಮಿತಿಯಿಂದ ನೋಡಿದರೆ ಪ್ರತಿದಿನ 1 ಗಂಟೆ, ವಾರಕ್ಕೆ 6 ಗಂಟೆ ಒ.ಟಿ. ಆಗುತ್ತದೆ. ವಾರದ ಮಿತಿಯಿಂದ ನೋಡಿದರೆ ಆರು ದಿನಕ್ಕೆ 60 ಗಂಟೆ, ಅದರಲ್ಲಿ 48 ಕಳೆದರೆ 12 ಗಂಟೆ. ಕಾಯ್ದೆ "ದಿನಕ್ಕೆ 9 ಅಥವಾ ವಾರಕ್ಕೆ 48" ಎಂದು ಹೇಳಿರುವುದರಿಂದ ವಾರದ ಲೆಕ್ಕದಲ್ಲಿ ಬರುವ 12 ಗಂಟೆಯನ್ನೂ ನೀವು ಕೇಳಬಹುದು. ದಿನದ ಲೆಕ್ಕದ 6 ಗಂಟೆ ಅದರೊಳಗೇ ಸೇರಿಹೋಗುತ್ತದೆ. ಎರಡನ್ನೂ ಕೂಡಿಸಿ 18 ಎಂದು ಬರೆಯಬೇಡಿ.

ವಾರಕ್ಕೆ 12 ಗಂಟೆ ಎಂದರೆ ನಾಲ್ಕು ವಾರಕ್ಕೆ 48 ಗಂಟೆ. ಕಾಯ್ದೆ ಮೂರು ತಿಂಗಳಿಗೆ ಕೊಟ್ಟ 50 ಗಂಟೆಯ ಮಿತಿ ಒಂದೇ ತಿಂಗಳಲ್ಲಿ ಮುಗಿಯುತ್ತದೆ! ಉಳಿದ ಎರಡು ತಿಂಗಳು ಅದೇ ವೇಳೆಯಲ್ಲಿ ದುಡಿಸುವುದೇ ಕಾಯ್ದೆಯ ಉಲ್ಲಂಘನೆ. ಹಾಗೆಂದು ಆ ಹೊತ್ತಿನ ಹಣ ಕೈತಪ್ಪುವುದಿಲ್ಲ. ಮಿತಿ ಮೀರಿ ದುಡಿಸಿದ ತಪ್ಪು ಮಾಲೀಕರದು, ದುಡಿದ ಹೊತ್ತು ನಿಮ್ಮದು.

ಇನ್ನು ಆ ಊಟದ ಬಿಡುವು. ಗಿರಾಕಿ ಬಂದರೆ ಅರ್ಧ ಊಟದಲ್ಲಿ ಎದ್ದು ಬರಬೇಕು, ಡಬ್ಬಿಯನ್ನು ಕೌಂಟರ್ ಕೆಳಗೇ ಬಿಚ್ಚಬೇಕು ಎಂದಾದರೆ ಅದನ್ನು ವಿರಾಮ ಎಂದು ಕಳೆಯುವುದು ಸರಿಯಲ್ಲ. ಅಂಥ ದಿನಗಳನ್ನು ಬೇರೆಯಾಗಿ ಗುರುತು ಹಾಕಿಟ್ಟುಕೊಳ್ಳಿ.

ಆಷಾಢದ ಸೇಲ್, ವರಮಹಾಲಕ್ಷ್ಮಿ, ದೀಪಾವಳಿ, ಅಕ್ಷಯ ತೃತೀಯ ಬಂದರೆ ರಾತ್ರಿ ಹನ್ನೊಂದರವರೆಗೂ ನಿಲ್ಲುತ್ತೇವೆ. ಹಬ್ಬದ ಕಾಲಕ್ಕೆ ವಿನಾಯಿತಿ ಇದೆಯೇ?

ಸರ್ಕಾರ ಆದೇಶ ಹೊರಡಿಸಿ ಅಂಗಡಿ ತೆರೆದಿಡುವ ವೇಳೆಯನ್ನು ವಿಸ್ತರಿಸಬಹುದು. ವೇಳೆ ವಿಸ್ತರಣೆಯೇ ಬೇರೆ, ನೌಕರನ ದುಡಿಮೆಯ ಮಿತಿಯೇ ಬೇರೆ. 2021ರ ಜನವರಿಯಲ್ಲಿ ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಬಹುದೆಂದು ಕರ್ನಾಟಕ ಸರ್ಕಾರ ಅನುಮತಿ ಕೊಟ್ಟಾಗಲೂ, ಒ.ಟಿ. ಸೇರಿ ದಿನಕ್ಕೆ 10 ಗಂಟೆ, ಮೂರು ತಿಂಗಳಿಗೆ 50 ಗಂಟೆ ಎಂಬ ಷರತ್ತುಗಳನ್ನು ಅದರಲ್ಲೇ ಬರೆದಿತ್ತು. ಬಾಗಿಲು ಹೆಚ್ಚು ಹೊತ್ತು ತೆರೆದಿರಬೇಕಾದರೆ ಪಾಳಿ ಮಾಡಿ ಇನ್ನಷ್ಟು ಜನರನ್ನು ನೇಮಿಸಿಕೊಳ್ಳಬೇಕು. ಇರುವವರ ಕಾಲನ್ನೇ ಸವೆಸುವುದು ದಾರಿಯಲ್ಲ.

ಕಾಲಿನ ಮಾತು ಬಂದದ್ದಕ್ಕೆ ಒಂದು ಮಾತು. ಅಂಗಡಿ ನೌಕರರಿಗೆ ಕುಳಿತುಕೊಳ್ಳಲು ಆಸನ ಇರಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಕಾಯ್ದೆಗಳಿಗೆ ತಿದ್ದುಪಡಿ ತಂದವು. ದಿನವಿಡೀ ನಿಂತೇ ಸೀರೆ ಬಿಡಿಸಿ ತೋರಿಸುವ ನಮ್ಮ ಹೆಣ್ಣುಮಕ್ಕಳ ಹಿಂದೆಯೂ ಒಂದೊಂದು ಸ್ಟೂಲ್ ಇರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಒ.ಟಿ. ದರ ಲೆಕ್ಕ ಹಾಕುವಾಗ ಕಮಿಷನ್ ಅನ್ನು ಸೇರಿಸಬೇಕೇ, ಬಿಡಬೇಕೇ?

ಅತಿ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ವೇತನ ಸಂಹಿತೆ "ವೇತನ" ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಕೆಲವು ಬಾಬತ್ತುಗಳನ್ನು ಹೊರಗಿಟ್ಟಿದೆ. ಬೋನಸ್, ಪ್ರಯಾಣ ಭತ್ಯೆ, ಮನೆ ಬಾಡಿಗೆ ಭತ್ಯೆ, ಒ.ಟಿ. ಭತ್ಯೆ ಇವುಗಳ ಜೊತೆಗೆ ನೌಕರನಿಗೆ ಸಲ್ಲುವ ಕಮಿಷನ್ ಕೂಡ ಆ ಪಟ್ಟಿಯಲ್ಲಿದೆ. ಮಾಲೀಕರು ಸಾಮಾನ್ಯವಾಗಿ ಇಲ್ಲಿಗೆ ಓದಿ ನಿಲ್ಲಿಸುತ್ತಾರೆ. ಮುಂದಿನ ಸಾಲು ಮುಖ್ಯವಾದದ್ದು. ಹೀಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದರೆ, ಅರ್ಧವನ್ನು ಮೀರಿದ ಮೊತ್ತವನ್ನು ಮತ್ತೆ ವೇತನಕ್ಕೆ ಸೇರಿಸಬೇಕು.

ಒಂದು ಉದಾಹರಣೆ. ಷೋರೂಂ ಒಂದರಲ್ಲಿ ನಿಗದಿತ ಸಂಬಳ 15,600 ರೂಪಾಯಿ, ಆ ತಿಂಗಳ ಕಮಿಷನ್ 24,400 ರೂಪಾಯಿ, ಬೇರೇನೂ ಇಲ್ಲ ಎಂದಿಟ್ಟುಕೊಳ್ಳಿ. ಒಟ್ಟು 40,000. ಅದರ ಅರ್ಧ 20,000. ಕಮಿಷನ್ ಆ ಅರ್ಧವನ್ನು 4,400 ರೂಪಾಯಿಯಷ್ಟು ಮೀರಿದೆ. ಆದ್ದರಿಂದ ವೇತನ 15,600 ಅಲ್ಲ, 15,600ಕ್ಕೆ 4,400 ಸೇರಿ 20,000. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ 96 ರೂಪಾಯಿ 15 ಪೈಸೆ. ಒ.ಟಿ. ಗಂಟೆಗೆ ಅದರ ಎರಡು ಪಟ್ಟು, ಅಂದರೆ ಸುಮಾರು 192 ರೂಪಾಯಿ. ಬರೀ ನಿಗದಿತ ಸಂಬಳದ ಮೇಲೆ ಲೆಕ್ಕ ಹಾಕಿದ್ದರೆ ಗಂಟೆಗೆ 75, ಒ.ಟಿ. 150 ಆಗುತ್ತಿತ್ತು. ಗಂಟೆಗೆ 42 ರೂಪಾಯಿಯ ವ್ಯತ್ಯಾಸ ಸಣ್ಣದೆಂದು ತೋರಬಹುದು. ತಿಂಗಳಿಗೆ 48 ಗಂಟೆಯಂತೆ ಗುಣಿಸಿದರೆ ಎರಡು ಸಾವಿರ ದಾಟುತ್ತದೆ.

ಕಮಿಷನ್ ಒಟ್ಟು ಮೊತ್ತದ ಅರ್ಧಕ್ಕಿಂತ ಕಡಿಮೆ ಇದ್ದರೆ ನಿಗದಿತ ಸಂಬಳವೇ ಆಧಾರ. ಅದರಲ್ಲಿ ಮೂಲ ವೇತನದ ಜೊತೆ ತುಟ್ಟಿಭತ್ಯೆಯೂ ಸೇರಿರಬೇಕು ಎಂಬುದನ್ನು ಮರೆಯಬೇಡಿ. ಬರೀ ಮೂಲ ವೇತನದ ಮೇಲೆ ಒ.ಟಿ. ಕಟ್ಟಿದ ಚೀಟಿಗಳು ನಮ್ಮ ಪೇಟೆಯಲ್ಲಿ ಅಪರೂಪವಲ್ಲ.

ನನಗೆ ನಿಗದಿತ ಸಂಬಳವೇ ಇಲ್ಲ, ಬರೀ ಕಮಿಷನ್. ನನಗೆ ಏನು ದಾರಿ?

ಮೊದಲು ನೋಡಬೇಕಾದದ್ದು ನೀವು ನೌಕರರೇ, ಸ್ವತಂತ್ರ ಏಜೆಂಟರೇ ಎಂದು. ಯಾವಾಗ ಬೇಕೋ ಆಗ ಕೆಲಸ ಮಾಡಿ, ಬೇಡವಾದರೆ ಬಿಟ್ಟು, ಹಲವರ ಸರಕನ್ನು ಮಾರಿ ದಲ್ಲಾಳಿ ಹಣ ಪಡೆಯುವವರು ನೌಕರರಲ್ಲ. ನಿವೇಶನ ಮಾರಿಸುವ ಮಧ್ಯವರ್ತಿ, ವಿಮಾ ಏಜೆಂಟ್ ಈ ಬಗೆಯವರು. ಬೆಳಿಗ್ಗೆ ಇಷ್ಟು ಹೊತ್ತಿಗೆ ಬರಬೇಕು, ಅಂಗಡಿಯ ಸಮವಸ್ತ್ರ ಹಾಕಬೇಕು, ರಜೆಗೆ ಅನುಮತಿ ಕೇಳಬೇಕು, ತಡವಾದರೆ ಹಣ ಕಡಿತ ಎಂಬ ಕಟ್ಟುಪಾಡುಗಳಿದ್ದರೆ ಕಾಗದದಲ್ಲಿ "ಏಜೆಂಟ್" ಎಂದು ಬರೆದಿದ್ದರೂ ನೀವು ನೌಕರರೆಂದು ವಾದಿಸಲು ಗಟ್ಟಿಯಾದ ಆಧಾರ ಇದೆ.

ನೌಕರರಾದರೆ ಕನಿಷ್ಠ ವೇತನ ನಿಮ್ಮ ಹಕ್ಕು. ತುಂಡು ಲೆಕ್ಕದಲ್ಲಿ ದುಡಿಯುವವರಿಗೆ, ಆ ಕೆಲಸಕ್ಕೆ ಕಾಲಾವಧಿಯ ಕನಿಷ್ಠ ದರ ಮಾತ್ರ ನಿಗದಿಯಾಗಿದ್ದರೆ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ವೇತನ ಸಂಹಿತೆಯ 12ನೇ ಕಲಂ ಹೇಳುತ್ತದೆ. ಮಾರಾಟ ಬಿದ್ದ ತಿಂಗಳು ಬರಿಗೈಯಲ್ಲಿ ಮನೆಗೆ ಕಳುಹಿಸುವುದಕ್ಕೆ ಕಾನೂನಿನಲ್ಲಿ ಎಡೆಯಿಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಕರ್ನಾಟಕದಲ್ಲಿ ಪ್ರತ್ಯೇಕ ಕನಿಷ್ಠ ವೇತನ ಅಧಿಸೂಚನೆ ಇದೆ. ವ್ಯತ್ಯಸ್ತ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುವುದರಿಂದ ಆ ವರ್ಷದ ದರವನ್ನೇ ನೋಡಬೇಕು. ಒ.ಟಿ. ಲೆಕ್ಕವೂ ಆ ಕನಿಷ್ಠ ದರದ ಎರಡು ಪಟ್ಟಿಗಿಂತ ಕೆಳಗೆ ಇಳಿಯುವಂತಿಲ್ಲ.

ಟಾರ್ಗೆಟ್ ಮುಟ್ಟಲಿಲ್ಲವೆಂದು ಒ.ಟಿ. ಹಣವನ್ನೋ ಸಂಬಳವನ್ನೋ ಹಿಡಿದುಕೊಳ್ಳಬಹುದೇ?

ಟಾರ್ಗೆಟ್ ಮುಟ್ಟದಿದ್ದರೆ ಇನ್ಸೆಂಟಿವ್ ಕೊಡದಿರಬಹುದು, ಒಪ್ಪಂದ ಹಾಗಿದ್ದರೆ. ವೇತನದಿಂದ ಏನೇನು ಕಡಿತ ಮಾಡಬಹುದು ಎಂಬ ಪಟ್ಟಿಯನ್ನು ಸಂಹಿತೆಯ 18ನೇ ಕಲಂ ಕೊಟ್ಟಿದೆ. ಗೈರುಹಾಜರಿ, ಮುಂಗಡ, ನೌಕರನ ನಿರ್ಲಕ್ಷ್ಯದಿಂದಾದ ನಷ್ಟ, ಆದಾಯ ತೆರಿಗೆ ಇತ್ಯಾದಿ ಅದರಲ್ಲಿವೆ. ಮಾರಾಟ ಕಡಿಮೆಯಾಯಿತು ಎಂಬ ಕಾರಣ ಆ ಪಟ್ಟಿಯಲ್ಲಿಲ್ಲ. ದಂಡಕ್ಕೂ ಮಿತಿ ಇದೆ, ಆ ಅವಧಿಯ ವೇತನದ ಶೇಕಡಾ 3ನ್ನು ಅದು ಮೀರಬಾರದು.

ನನ್ನ ಗುರುತಿನ ಚೀಟಿಯಲ್ಲಿ "ಫ್ಲೋರ್ ಮ್ಯಾನೇಜರ್" ಎಂದಿದೆ. ನನಗೆ ಒ.ಟಿ. ಇಲ್ಲವಂತೆ.

ಕಮಿಷನ್ ನೆಪ ಗಟ್ಟಿಯಾಗಿ ನಿಲ್ಲದಾಗ ಮಾಲೀಕರು ಹಿಡಿಯುವ ಮುಂದಿನ ದಾರಿ ಇದು. ಎರಡು ವರ್ಷ ಕೆಲಸ ಮಾಡಿದ ಹುಡುಗನಿಗೆ ಸಾವಿರ ರೂಪಾಯಿ ಏರಿಸಿ ಮ್ಯಾನೇಜರ್ ಎಂದು ಹೆಸರಿಡುತ್ತಾರೆ. ನಿಜವಾಗಿ ಆಡಳಿತ ನಡೆಸುವವರಿಗೆ ಕೆಲಸದ ಅವಧಿಯ ನಿಯಮಗಳಿಂದ ವಿನಾಯಿತಿ ಇರುವುದು ಹೌದು. 2020ರ ಸಂಹಿತೆಯಲ್ಲಿ ಮುಖ್ಯವಾಗಿ ವ್ಯವಸ್ಥಾಪಕ ಅಥವಾ ಆಡಳಿತಾತ್ಮಕ ಹುದ್ದೆಯಲ್ಲಿರುವವರು, ಮತ್ತು ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು "ಕಾರ್ಮಿಕ" ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಆದರೆ ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ಮುಖ್ಯವಾಗಿ ಮಾಡುವ ಕೆಲಸವನ್ನು. ನೀವು ಯಾರನ್ನಾದರೂ ನೇಮಿಸಬಲ್ಲಿರಾ, ತೆಗೆದುಹಾಕಬಲ್ಲಿರಾ? ರಜೆ ಮಂಜೂರು ಮಾಡುವವರು ನೀವೇ? ಬೆಲೆ ಇಳಿಸುವ ತೀರ್ಮಾನ ನಿಮ್ಮದೇ, ಅಥವಾ ಐವತ್ತು ರೂಪಾಯಿ ರಿಯಾಯಿತಿಗೂ ಗಲ್ಲಾ ಪೆಟ್ಟಿಗೆಯ ಕಡೆ ತಿರುಗಿ ನೋಡಬೇಕೇ? ದಿನದ ಬಹುಭಾಗ ಗಿರಾಕಿಗಳಿಗೆ ಸರಕು ತೋರಿಸುವುದರಲ್ಲೇ ಕಳೆಯುತ್ತಿದ್ದರೆ ನೀವು ಮ್ಯಾನೇಜರ್ ಅಲ್ಲ, ಮಾರಾಟಗಾರ.

ನಾನು ಅಂಗಡಿಯಲ್ಲಿ ಕೂರುವವನಲ್ಲ. ಗುಬ್ಬಿ, ಶಿರಾ, ಪಾವಗಡ ಸುತ್ತಿ ಆರ್ಡರ್ ಹಿಡಿಯುತ್ತೇನೆ. ನನಗೆ?

ನಿಮ್ಮ ಸ್ಥಿತಿ ನಿಜಕ್ಕೂ ಬೇರೆ, ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ತಪ್ಪಾಗುತ್ತದೆ. ಊರೂರು ತಿರುಗುವವರ ಹೊತ್ತನ್ನು ಯಾರೂ ನಿಂತು ಅಳೆಯಲಾಗದು ಎಂಬ ಕಾರಣಕ್ಕೆ ಗಂಟೆ ಲೆಕ್ಕದ ನಿಯಮಗಳನ್ನು ಅವರಿಗೆ ಅನ್ವಯಿಸುವುದು ಎಲ್ಲೆಡೆ ಕಷ್ಟವೇ. ಪಾವಗಡದ ಬಸ್ಸಿನಲ್ಲಿ ಕುಳಿತ ಹೊತ್ತಿಗೆಲ್ಲ ಒ.ಟಿ. ಬರುತ್ತದೆ ಎಂದು ನಾನು ಹೇಳಲಾರೆ.

ಹಾಗೆಂದು ಹಕ್ಕೇ ಇಲ್ಲವೆಂದಲ್ಲ. ಔಷಧ ಪ್ರತಿನಿಧಿಗಳು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ವ್ಯಾಖ್ಯೆಯಂತೆ "ಕಾರ್ಮಿಕ"ರಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 1994ರಲ್ಲಿ ಸ್ಯಾಂಡೋಜ್ ಕಂಪನಿಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅವರಿಗೆ ರಕ್ಷಣೆಯಾಗಿ ಇದ್ದದ್ದು 1976ರ ಮಾರಾಟ ಉತ್ತೇಜನ ನೌಕರರ ಕಾಯ್ದೆ. ಈಗಿನ ಸಂಹಿತೆಗಳು "ಕಾರ್ಮಿಕ" ಎಂಬ ವ್ಯಾಖ್ಯೆಯೊಳಗೇ ಮಾರಾಟ ಉತ್ತೇಜನ ನೌಕರರನ್ನು ಸೇರಿಸಿವೆ. ಕರ್ತವ್ಯದಲ್ಲಿ ಕಳೆದ ಅವಧಿಯ ಹನ್ನೊಂದರಲ್ಲಿ ಒಂದು ಭಾಗದಷ್ಟು ಗಳಿಕೆ ರಜೆ, ಸೇವಾವಧಿಯ ಹದಿನೆಂಟರಲ್ಲಿ ಒಂದು ಭಾಗದಷ್ಟು ಅರ್ಧ ವೇತನದ ವೈದ್ಯಕೀಯ ರಜೆ ಅವರಿಗೆ ಸಲ್ಲಬೇಕು.

ಇನ್ನೊಂದು ಬಗೆಯವರೂ ಇದ್ದಾರೆ. ವಾರಕ್ಕೊಂದು ದಿನ ಹೊರಗೆ ಹೋಗಿ ಉಳಿದ ಐದು ದಿನ ಕೌಂಟರಿನಲ್ಲಿ ನಿಲ್ಲುವವರು. ಇವರಿಗೆ "ತಿರುಗಾಟದ ಕೆಲಸ" ಎಂಬ ಹಣೆಪಟ್ಟಿ ಹಚ್ಚಿ ಒ.ಟಿ. ತಪ್ಪಿಸಲು ಬಿಡಬಾರದು. ಮುಖ್ಯ ಕೆಲಸ ಎಲ್ಲಿ ನಡೆಯುತ್ತದೆ ಎಂಬುದೇ ಪ್ರಶ್ನೆ.

ನಾನು ಮೊಬೈಲ್ ಅಂಗಡಿಯಲ್ಲಿ ನಿಲ್ಲುವ ಬ್ರ್ಯಾಂಡ್ ಪ್ರೊಮೋಟರ್. ಸಂಬಳ ಕೊಡುವುದು ಬೆಂಗಳೂರಿನ ಏಜೆನ್ಸಿ. ಯಾರನ್ನು ಕೇಳಲಿ?

ಮೊದಲು ಏಜೆನ್ಸಿಯನ್ನು. ಅದು ಕೊಡದಿದ್ದರೆ, ನೀವು ಕೆಲಸ ಮಾಡುವ ಸಂಸ್ಥೆಯ ಒಡೆತನ ಹೊಂದಿದವರೇ ಹೊಣೆ ಎಂದು ವೇತನ ಸಂಹಿತೆಯ 43ನೇ ಕಲಂ ಹೇಳುತ್ತದೆ. ಅರ್ಜಿ ಹಾಕುವಾಗ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ.

ಮಾಲೀಕರು ನಮ್ಮ ಸಂಬಂಧಿಕರೇ. ಒ.ಟಿ. ಕೇಳಬಹುದೇ?

ಅಂಗಡಿ ಕಾಯ್ದೆ ಹೊರಗಿಡುವುದು ಮಾಲೀಕರ ಕುಟುಂಬದ ಸದಸ್ಯರನ್ನು ಮಾತ್ರ. ದೂರದ ನೆಂಟಸ್ತಿಕೆ, ಒಂದೇ ಊರು, ಒಂದೇ ಜಾತಿ ಎಂಬುದರಿಂದ ಯಾರೂ ಕುಟುಂಬದವರಾಗುವುದಿಲ್ಲ. ಕಾನೂನಿಗಿಂತ ಇಲ್ಲಿ ದಾಕ್ಷಿಣ್ಯವೇ ದೊಡ್ಡ ಅಡ್ಡಿ ಎಂಬುದು ನನಗೆ ಗೊತ್ತು. ಕೇಳುವುದಾದರೆ ಬಾಯಿಮಾತಿಗಿಂತ ಗಂಟೆಗಳ ಪಟ್ಟಿಯೊಂದನ್ನು ಮುಂದಿಟ್ಟು ಕೇಳಿ. ಅಂಕಿ ಮುಂದಿದ್ದರೆ ಮಾತು ಮುನಿಸಿಗೆ ತಿರುಗುವುದು ಕಡಿಮೆ.

ರಜೆಯ ಭಾನುವಾರ ಸರಕು ತರಲು ಬೆಂಗಳೂರಿನ ಚಿಕ್ಕಪೇಟೆಗೆ ಕಳುಹಿಸುತ್ತಾರೆ. ಮಾರಾಟವೇ ಇಲ್ಲದ ಕೆಲಸ, ಕಮಿಷನ್ನೂ ಇಲ್ಲ.

ಮಾಲೀಕರ ಅಪ್ಪಣೆಯ ಮೇಲೆ ಅವರ ವ್ಯಾಪಾರಕ್ಕಾಗಿ ಹೋಗುವುದು ಕೆಲಸವೇ. ವಾರದಲ್ಲಿ ಒಂದು ಪೂರ್ತಿ ದಿನ ರಜೆ ಕೊಡಬೇಕೆಂದು ಅಂಗಡಿ ಕಾಯ್ದೆ ಹೇಳುತ್ತದೆ. ಆ ದಿನ ಹೋಗಿ ಬಂದ ಹೊತ್ತು ಸೇರಿ ವಾರದ 48 ಗಂಟೆ ದಾಟಿದರೆ ಎರಡು ಪಟ್ಟಿನ ದರ ಅನ್ವಯಿಸುತ್ತದೆ. ಬಾಗಿಲು ಮುಚ್ಚಿದ ಮೇಲೆ ಬಟ್ಟೆ ಮಡಚುವುದು, ಷೋಕೇಸ್ ಜೋಡಿಸುವುದು, ಚಿನ್ನದ ಟ್ರೇಗಳನ್ನು ಎಣಿಸಿ ತಿಜೋರಿಗೆ ಒಪ್ಪಿಸುವುದು, ದಿನದ ಲೆಕ್ಕ ಹೊಂದಿಸುವುದಕ್ಕೂ ಇದೇ ಮಾತು. ಷಟರ್ ಎಳೆದದ್ದು ಗಿರಾಕಿಗೆ. ನೀವು ಹೊರಗೆ ಬಂದ ಹೊತ್ತಿಗೇ ನಿಮ್ಮ ದಿನದ ಕೆಲಸ ಮುಗಿಯುವುದು.

"ಒ.ಟಿ. ಕೇಳುವುದಿಲ್ಲ" ಎಂದು ಸೇರುವಾಗಲೇ ಬರೆದು ಸಹಿ ಹಾಕಿಸಿಕೊಂಡಿದ್ದಾರೆ.

ಆ ಕಾಗದಕ್ಕೆ ಬೆಲೆಯಿಲ್ಲ. ವೇತನ ಸಂಹಿತೆಯಡಿ ಸಲ್ಲಬೇಕಾದ ಮೊತ್ತವನ್ನು ನೌಕರ ಬಿಟ್ಟುಕೊಡುವಂಥ ಯಾವುದೇ ಒಪ್ಪಂದ ಅಷ್ಟರಮಟ್ಟಿಗೆ ಶೂನ್ಯ ಎಂದು 60ನೇ ಕಲಂ ಸ್ಪಷ್ಟವಾಗಿ ಹೇಳಿದೆ.

ಅಂತರ್ಜಾಲದಲ್ಲಿ ಹುಡುಕಿದರೆ ಕಮಿಷನ್ ನೌಕರರಿಗೆ ಒ.ಟಿ. ವಿನಾಯಿತಿ ಇದೆ ಎಂದೇ ಬರುತ್ತದಲ್ಲ?

ನೀವು ಓದಿದ್ದು ಅಮೆರಿಕದ ಕಾನೂನು. ಅಲ್ಲಿನ 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯಲ್ಲಿ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಒ.ಟಿ. ಇದೆ. ಅದರ 7(ಐ) ಎಂಬ ಕಲಂ ಚಿಲ್ಲರೆ ವ್ಯಾಪಾರ ಅಥವಾ ಸೇವಾ ಸಂಸ್ಥೆಗಳ ಕಮಿಷನ್ ನೌಕರರಿಗೆ ವಿನಾಯಿತಿ ಕೊಡುತ್ತದೆ. ಅದಕ್ಕೂ ಮೂರು ಷರತ್ತುಗಳು ಕೂಡಿಬರಬೇಕು. ಸಂಸ್ಥೆ ನಿಜವಾಗಿ ಚಿಲ್ಲರೆ ಅಥವಾ ಸೇವಾ ವ್ಯಾಪಾರದ್ದಾಗಿರಬೇಕು. ಒ.ಟಿ. ಮಾಡಿದ ವಾರದಲ್ಲಿ ನೌಕರನ ಗಂಟೆಯ ಗಳಿಕೆ ಕನಿಷ್ಠ ವೇತನದ ಒಂದೂವರೆ ಪಟ್ಟನ್ನು ಮೀರಿರಬೇಕು. ಕನಿಷ್ಠ ಒಂದು ತಿಂಗಳ ಪ್ರಾತಿನಿಧಿಕ ಅವಧಿಯಲ್ಲಿ ಅವನ ಗಳಿಕೆಯ ಅರ್ಧಕ್ಕಿಂತ ಹೆಚ್ಚು ಭಾಗ ಕಮಿಷನ್‌ನಿಂದಲೇ ಬಂದಿರಬೇಕು. ಅಲ್ಲಿನ ಕೇಂದ್ರ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್. ಹಾಗಾಗಿ ಗಂಟೆಗೆ 10.875 ಡಾಲರಿಗಿಂತ ಹೆಚ್ಚು ಸಿಗದಿದ್ದರೆ ಆ ವಾರ ವಿನಾಯಿತಿ ಇಲ್ಲ. ಮಾಲೀಕರ ಜಾಗದಿಂದ ಹೊರಗೆ ತಿರುಗಿ ಮಾರುವವರಿಗೆ ಬೇರೆಯೇ ಒಂದು ವಿನಾಯಿತಿ ಇದೆ. ಅಲ್ಲಿನ ರಾಜ್ಯಗಳು ಇನ್ನೂ ಬಿಗಿಯಾದ ನಿಯಮ ಮಾಡಿಕೊಂಡಿರುವುದೂ ಉಂಟು.

ನಮ್ಮ ಜಿಲ್ಲೆಯಿಂದ ಅಲ್ಲಿಗೆ ಹೋಗಿ ದುಡಿಯುವ ಮಕ್ಕಳಿಗೆ ಇದು ತಿಳಿದಿರಬೇಕು. ತುಮಕೂರಿನ ಅಂಗಡಿಯ ಗೋಡೆಯೊಳಗೆ ಆ ಕಲಂಗೆ ಕಾಲಿಡುವ ಹಕ್ಕಿಲ್ಲ. ಇಲ್ಲಿನ ಕಾಯ್ದೆಯಲ್ಲಿ ಅಂಥ ಕಮಿಷನ್ ವಿನಾಯಿತಿಯೇ ಇಲ್ಲ.

ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ "10ರಿಂದ 7" ಎಂದೇ ಬರೆಯುತ್ತಾರೆ. ನನ್ನ ಗಂಟೆಗಳನ್ನು ಹೇಗೆ ಸಾಬೀತು ಮಾಡಲಿ?

ಸೇಲ್ಸ್ ನೌಕರರಿಗೆ ಬೇರೆ ಕಾರ್ಮಿಕರಿಗಿಲ್ಲದ ಒಂದು ಅನುಕೂಲ ಇದೆ. ಕಮಿಷನ್ ಲೆಕ್ಕಕ್ಕಾಗಿ ಪ್ರತಿ ಬಿಲ್ಲಿನ ಮೇಲೂ ನಿಮ್ಮ ಕೋಡ್ ಸಂಖ್ಯೆ ಅಚ್ಚಾಗಿರುತ್ತದೆ, ಪಕ್ಕದಲ್ಲೇ ದಿನಾಂಕ ಮತ್ತು ವೇಳೆ. ಹಾಜರಿ ಪುಸ್ತಕ 7ಕ್ಕೆ ಮನೆಗೆ ಕಳುಹಿಸಿದ ನೌಕರ 8.40ಕ್ಕೆ ಬಿಲ್ ಹೇಗೆ ಮಾಡಿಸಿದ? ಕಮಿಷನ್ ಪಟ್ಟಿಯೇ ಒ.ಟಿ.ಗೆ ಸಾಕ್ಷಿಯಾಗುತ್ತದೆ. ಆದ್ದರಿಂದ ತಿಂಗಳ ಕಮಿಷನ್ ವಿವರವನ್ನು ಕೇಳಿ ಪಡೆದುಕೊಳ್ಳಿ, ಜೋಪಾನವಾಗಿಡಿ.

ಇದರ ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನವೂ ಬಂದ ಹೊತ್ತು, ಊಟದ ಬಿಡುವು, ಹೊರಟ ಹೊತ್ತು ಬರೆಯಿರಿ. ಅದೇ ದಿನ ಬರೆದದ್ದಕ್ಕೆ ಇರುವ ತೂಕ ಆರು ತಿಂಗಳ ನಂತರ ನೆನಪಿನಿಂದ ಬರೆದದ್ದಕ್ಕೆ ಇರುವುದಿಲ್ಲ. "ನಾಳೆ ಎಂಟಕ್ಕೇ ಬಾ, ಲೋಡ್ ಇಳಿಸಬೇಕು" ಎಂಬ ಮಾಲೀಕರ ವಾಟ್ಸ್ಆ್ಯಪ್ ಸಂದೇಶವನ್ನು ಅಳಿಸಬೇಡಿ. ರಾತ್ರಿ ಕೊನೆಯ ಬಸ್ಸಿನ ಟಿಕೆಟ್ ಕೂಡ ಉಪಯೋಗಕ್ಕೆ ಬರುತ್ತದೆ.

ಹಣ ಸಂದಾಯವಾಗಿದೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರ ಮೇಲೆಯೇ ಇದೆ ಎಂದು ವೇತನ ಸಂಹಿತೆಯ 59ನೇ ಕಲಂ ಹೇಳುತ್ತದೆ. ವೇತನ ಚೀಟಿ ಕೊಡುವುದೂ ಅವರ ಕರ್ತವ್ಯ.

ದೂರು ಎಲ್ಲಿ ಕೊಡಬೇಕು? ಎಷ್ಟು ಹಿಂದಿನದನ್ನು ಕೇಳಬಹುದು?

ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಅಥವಾ ತುಮಕೂರಿನ ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಕಚೇರಿಗೆ. ವೇತನ ಸಂಹಿತೆಯ 45ನೇ ಕಲಂ ಪ್ರಕಾರ ಕ್ಲೇಮು ಹುಟ್ಟಿದ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ತಡಕ್ಕೆ ಸಕಾರಣವಿದ್ದರೆ ಆಮೇಲೂ ಸ್ವೀಕರಿಸಲು ಅವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ನೀವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘವೂ ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ಒಂಟಿಯಾಗಿ ಎದುರು ನಿಲ್ಲಲು ಅಂಜುವವರಿಗೆ ಇದು ದೊಡ್ಡ ಆಸರೆ. 2025ರ ನವೆಂಬರ್ 21ಕ್ಕೆ ಮುಂಚಿನ ಬಾಕಿಗಳಿಗೆ ಹಳೆಯ ಕಾಯ್ದೆಗಳ ಲೆಕ್ಕ ಬರುವುದರಿಂದ ಅರ್ಜಿಯಲ್ಲಿ ಆ ಎರಡು ಅವಧಿಗಳನ್ನು ಬೇರೆ ಬೇರೆಯಾಗಿ ತೋರಿಸಿ.

ಕೆಲಸ ಬಿಟ್ಟವರೂ ಕೇಳಬಹುದು. ಬಿಟ್ಟ ಅಥವಾ ತೆಗೆದುಹಾಕಿದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಂದಾಯವಾಗಬೇಕು. ವಕೀಲರ ಶುಲ್ಕ ಕಟ್ಟಲಾಗದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಸಿಗುತ್ತದೆ. ಸಹಾಯವಾಣಿ 15100.

ನಾನು ಸಣ್ಣ ಅಂಗಡಿಯ ಮಾಲೀಕ. ಇಷ್ಟೆಲ್ಲ ಕೊಟ್ಟು ಅಂಗಡಿ ನಡೆಸುವುದು ಹೇಗೆ?

ಈ ಪ್ರಶ್ನೆಯಲ್ಲಿ ನಿಜವಾದ ಕಷ್ಟವಿದೆ. ಆನ್‌ಲೈನ್ ವ್ಯಾಪಾರದ ಎದುರು ಪೇಟೆಯ ಅಂಗಡಿಗಳು ಏದುಸಿರು ಬಿಡುತ್ತಿರುವುದನ್ನು ನಾನೂ ನೋಡುತ್ತಿದ್ದೇನೆ. ಆದರೂ ಒ.ಟಿ. ಕೊಡುವುದಕ್ಕಿಂತ ಅಗ್ಗದ ದಾರಿ ಒಂದಿದೆ, ಒ.ಟಿ. ಆಗದಂತೆ ವೇಳೆ ಹೊಂದಿಸುವುದು. ಬೆಳಿಗ್ಗೆ 10ಕ್ಕೆ ಗಿರಾಕಿ ಕಡಿಮೆ. ಅರ್ಧ ಜನ 10ಕ್ಕೆ ಬಂದು 7ಕ್ಕೆ ಹೋಗಲಿ, ಇನ್ನರ್ಧ 12ಕ್ಕೆ ಬಂದು 9ರವರೆಗೆ ಇರಲಿ. ಊಟದ ಬಿಡುವು ಕಳೆದರೆ ಎಲ್ಲರದೂ ದಿನಕ್ಕೆ 8, ವಾರಕ್ಕೆ 48 ಗಂಟೆ. ನೇಮಕಾತಿ ಪತ್ರದಲ್ಲಿ ನಿಗದಿತ ಸಂಬಳ, ಕಮಿಷನ್ ದರ, ಅದನ್ನು ಕೊಡುವ ದಿನಾಂಕವನ್ನು ಬಿಡಿಸಿ ಬರೆಯಿರಿ. ಸಲ್ಲಬೇಕಾದದ್ದಕ್ಕಿಂತ ಕಡಿಮೆ ಕೊಟ್ಟರೆ 50,000 ರೂಪಾಯಿಯವರೆಗೆ ದಂಡ. ಐದು ವರ್ಷದೊಳಗೆ ಅದೇ ತಪ್ಪಿಗೆ ಮತ್ತೆ ಶಿಕ್ಷೆಯಾದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅರ್ಜಿಯಲ್ಲಿ ಏನು ಬರೆಯಬೇಕು? ಕನ್ನಡದಲ್ಲಿ ಬರೆಯಬಹುದೇ?

ಧಾರಾಳವಾಗಿ ಕನ್ನಡದಲ್ಲೇ ಬರೆಯಿರಿ. ಸೇರಿದ ದಿನಾಂಕ, ಅಂಗಡಿಯ ಹೆಸರು ವಿಳಾಸ, ನಿಗದಿತ ಸಂಬಳ ಎಷ್ಟು, ಕಮಿಷನ್ ಯಾವ ದರದಲ್ಲಿ, ದಿನದ ನಿಜವಾದ ವೇಳೆ, ವಾರದ ರಜೆ ಸಿಗುತ್ತಿತ್ತೇ ಎಂಬುದನ್ನು ಮೊದಲ ಪುಟದಲ್ಲಿ ಹೇಳಿ. ಎರಡನೇ ಪುಟದಲ್ಲಿ ತಿಂಗಳುವಾರು ಪಟ್ಟಿ: ಆ ತಿಂಗಳ ಒ.ಟಿ. ಗಂಟೆ, ಗಂಟೆಯ ದರ, ಬರಬೇಕಾದ ಮೊತ್ತ, ಬಂದ ಮೊತ್ತ, ಬಾಕಿ. ಕಮಿಷನ್ ಅರ್ಧವನ್ನು ಮೀರಿದ ತಿಂಗಳುಗಳಲ್ಲಿ ದರ ಬದಲಾಗುತ್ತದೆ ಎಂಬುದನ್ನು ಮರೆಯದೆ ಆ ತಿಂಗಳುಗಳನ್ನು ಬೇರೆಯಾಗಿ ಕಟ್ಟಿ. ಬಿಲ್ಲುಗಳ, ಸಂದೇಶಗಳ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಮಾತ್ರ ಲಗತ್ತಿಸಿ, ಮೂಲವನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಹೊರಡಬೇಡಿ.